ಕಿಟಕಿಯಿಲ್ಲದ ಕ್ಯಾಬಿನ್ನಿಗೆ ಒಂದು ವೈರು

ಪೇಂಟಿನ ಡಬ್ಬಿಯೊಳಗಿನ ಟೋಕನ್ನುಗಳನ್ನು
ಹಯಾತ್ ಮೇಸ್ತ್ರಿ ಮೂರು ವರ್ಷ ತೊಳೆದು ಒಣಗಿಸಿ
ಬಿಸ್ಕತ್ತಿನ ಟಿನ್ನಿನಲ್ಲಿ ಕೂಡಿಟ್ಟಿದ್ದ.
ಅರ್ಧ ದಾವಣಗೆರೆಯ ಗೋಡೆಗಳು ಸೇರಿ
ಅವನನ್ನೂ ಹೆಂಡತಿಯನ್ನೂ ಹಡಗು ಹತ್ತಿಸುತ್ತಿವೆ:
ಮುಂಬಯಿಯಿಂದ ಮೂರು ರಾತ್ರಿ,
ಊಟ ತಿಂಡಿ ಕಂಪನಿಯದು,
ಕೋಣೆಗೆ ಕಿಟಕಿ ಮಾತ್ರ ಇಲ್ಲ.

ಹೊಂಡದ ಸರ್ಕಲ್ಲಿನ ನನ್ನ ಅಂಗಡಿಗೆ ಬಂದವನು ಅವನಲ್ಲ,
ಖುರ್ಷಿದಾ.
ಸೆರಗಿನ ಅಂಚಿಗೆ ಹೊಟ್ಟಿನ ಬೂದಿ.
ಕೌಂಟರಿನ ಮೇಲೆ ಫೋನು ಮಲಗಿಸಿದಳು,
"ತಿಪ್ಪೇಶಣ್ಣ, ಇದನ್ನ ಹಡಗಿನ ಟೀವಿಗೆ ಸೇರಿಸಬೇಕು.
ಯಾವ ವೈರು?"

ನಾನು ಕಂಡ ದೊಡ್ಡ ನೀರು ಕುಂದುವಾಡದ ಕೆರೆ.
ಅದರಲ್ಲಿ ಟೀವಿ ಇಲ್ಲ.
ಆದರೂ ನಾಡಿ ನೋಡುವವನ ಗತ್ತಿನಲ್ಲಿ
ಫೋನು ತಿರುಗಿಸಿ ಕೇಳಿದೆ,
"ಏನು ನೋಡ್ತೀಯಮ್ಮ ಅಲ್ಲಿ? ಪಿಚ್ಚರಾ?"
ಅವಳು ಒತ್ತಿ ತೋರಿಸಿದಳು.

ಅವಳದೇ ಮಂಡಕ್ಕಿ ಭಟ್ಟಿ.
ಬಾಣಲೆಯಲ್ಲಿ ಮರಳು, ಮರಳಿಗೆ ಅಕ್ಕಿ,
ಬುಸ್ಸೆಂದು ಅರಳುವ ಬಿಳುಪು, ಜರಡಿ,
ಮತ್ತೆ ಮರಳು, ಮತ್ತೆ ಅಕ್ಕಿ.
ನಾಲ್ಕು ತಾಸು.
ಇಟ್ಟಿಗೆಗೆ ಫೋನು ಒರಗಿಸಿ ತಾನೇ ತೆಗೆದದ್ದು.
"ಇಪ್ಪತ್ತೆರಡು ವರ್ಷದಿಂದ ಈ ಸದ್ದಿನ ಪಕ್ಕಾನೇ ಮಲಗ್ತೀನಿ.
ಇದಿಲ್ಲದೆ ಕಣ್ಣು ಹತ್ತಲ್ಲ.
ಫೋನಲ್ಲಿ ಕೇಳಿದ್ರೆ ಸೊಳ್ಳೆ ಗುಂಯ್ಗುಟ್ಟಿದಂಗಿರುತ್ತೆ."

ಹಡಗಿನ ಟೀವಿಯೂ ಲಾಡ್ಜಿನ ಟೀವಿಯ ಅಣ್ಣನೇ ಇರಬೇಕು.
ಪಿ.ಬಿ. ರಸ್ತೆಯ ಲಾಡ್ಜುಗಳಲ್ಲಿ
ನೂರಾ ಹತ್ತು ಟೀವಿಗಳ ಬಾಯಿ ಹೊಲಿದವನು ನಾನೇ,
ಗಿರಾಕಿ ಎಷ್ಟು ಒತ್ತಿದರೂ
ರಿಮೋಟಿನ ಆ ಒಂದು ಗುಂಡಿ ಮಿಸುಕದ ಹಾಗೆ.
ಹೊಲಿಗೆ ಎಲ್ಲಿ ಸಡಿಲ ಅಂತ
ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

"ಕೇಳು. ರಿಮೋಟು ನಂಬಬೇಡ.
ಟೀವಿ ಬೆನ್ನಿಗೆ ಕೈ ಹಾಕು,
ಬಳೆ ತೂರುವಷ್ಟು ಸಂದಿ ಇರುತ್ತೆ.
ಖಾಲಿ ತೂತು ಹುಡುಕಬೇಡ, ಅದು ಅತ್ತ ತಿರುಗಿಯೂ ನೋಡಲ್ಲ.
ಅವರ ವೈರು ಎಲ್ಲಿ ಕೂತಿದೆಯೋ
ಅದನ್ನ ಮೆಲ್ಲಗೆ ಎಳಿ. ಅದೇ ಜಾಗಕ್ಕೆ ನಿನ್ನದು.
ಇಳಿಯೋವಾಗ ಅವರದ್ದು ಅವರಿಗೆ."

ಒಂದು ಅಡಾಪ್ಟರು, ಒಂದು ಕಪ್ಪು ವೈರು.
ಅಂಗಡಿಯ ಮೂರು ಟೀವಿಗೂ ಹಚ್ಚಿ ತೋರಿಸಿದೆ.
ಮಿಕ್ಸಿ ರಿಪೇರಿಗೆ ಕೂತಿದ್ದವರೊಬ್ಬರು
ಬಹಳ ಹೊತ್ತು ನೋಡಿ,
"ಯಾವ ಚಾನೆಲ್ಲು ಇದು?" ಅಂದರು.

ಶುಕ್ರವಾರ ಸಂಜೆ ಹಯಾತನ ಫೋನು.
"ನೀಲಿ ಪರದೆ. ಸಿಗ್ನಲ್ ಇಲ್ಲ ಅಂತಿದೆ.
ಇನ್ನೇನು ಹಡಗು ಬಿಡ್ತಾರೆ."
ವೈರು ಕೂತಿದೆಯಾ? ಕೂತಿದೆ.
ಅದೇ ತೂತಾ? ಅದೇ.
ನಾನು ಕಣ್ಣು ಮುಚ್ಚಿದೆ.
ಕಾಣದ ನೀರಿನ ಮೇಲೆ ಕಾಣದ ಟೀವಿಯ ಬೆನ್ನು ತಡವುತ್ತಾ
ಬೆರಳು ಬೆರಳಾಗಿ ಹಿಂದೆ ಬಂದೆ,
ವೈರು, ಅಡಾಪ್ಟರು, ಫೋನಿನ ಬುಡ.
"ಫೋನಿಗೆ ಕವರು ಇದೆಯಾ?"
ಇದೆ. ಪ್ರಯಾಣಕ್ಕೆಂದೇ ಖುರ್ಷಿದಾ ಕೊಂಡದ್ದು,
ಚಿಟ್ಟೆಯದು, ದಪ್ಪ ಅಂಚು.
"ಬಿಚ್ಚು."

ಏನೂ ಇಲ್ಲ. ಏನೂ ಇಲ್ಲ.
ಆಮೇಲೆ ನನ್ನ ಕಿವಿಯೊಳಗೇ
ಬುಸ್ಸೆಂದಿತು ಮರಳು.

ಎರಡು ದಿನದಿಂದ ಬೀಗ ಹಾಕಿದ್ದ ಅವಳ ಭಟ್ಟಿ
ಆ ಸಂಜೆ ಉರಿಯುತ್ತಿದ್ದದ್ದು ಕಡಲ ಮೇಲೆ ಮಾತ್ರ.
"ಸದ್ದು ಹೆಚ್ಚು ಮಾಡ್ರೀ" ಅಂದಳು ಯಾರಿಗೋ.
ಲೈನು ಕಡಿಯಿತು. ತೀರ ದಾಟಿರಬೇಕು.

ಬುಧವಾರ ಬಂದಳು.
ಒಂದು ಸೇರು ಬಿಸಿ ಮಂಡಕ್ಕಿ,
ಹಡಗಿನ ಕರವಸ್ತ್ರದಲ್ಲಿ ಸುತ್ತಿದ ವೈರು.
"ಸಮುದ್ರ ಹೆಂಗಿತ್ತಮ್ಮ?"

"ನಿನ್ನ ವೈರು ಒಂದು ಮೊಳ ಗಿಡ್ಡ, ತಿಪ್ಪೇಶಣ್ಣ.
ಫೋನು ಎಲ್ಲೂ ಇಡಕ್ಕಾಗಲಿಲ್ಲ.
ಕೈಲಿ ಹಿಡಕೊಂಡೇ ನಿಂತಿದ್ವಿ ಮೂರು ರಾತ್ರಿ.
ಅವರು ಹಿಡಿದಾಗ ನಾನು ಮಲಗೋದು,
ನಾನು ಹಿಡಿದಾಗ ಅವರು."