ಹದಿನಾಲ್ಕು ದಿಮ್ಮಿ

ಬಡವರ ಊಟಿ ಅಂತಾರೆ ನಮ್ಮ ಹಾಸನವನ್ನು.
ಡಿಸೆಂಬರಿನಲ್ಲಿ ಸ್ವೆಟರು ತೊಟ್ಟ ನಾಯಿಯನ್ನೂ ಕಂಡಿದ್ದೇನೆ
ಸಾಲಗಾಮೆ ರಸ್ತೆಯಲ್ಲಿ.
ಬಾಟಲಿಯ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ,
ಕೆರೆ ಕಲ್ಲಾಗುವುದಿಲ್ಲ.
ಅಷ್ಟು ಚಳಿ ಕೊಳ್ಳುವ ದುಡ್ಡು ಬಡವರಲ್ಲಿ ಎಲ್ಲಿಂದ ಬರಬೇಕು.

ಹವಾಲ್ದಾರ್ ಜವರಯ್ಯ ಲೇಹ್‌ನಿಂದ ರಿಟೈರಾಗಿ ಬಂದಾಗ
ಟ್ರಂಕಿನ ತಳದಲ್ಲಿ ಒಂದು ಜೊತೆ ಬೂಟು,
ಅಟ್ಟೆಗೆ ಉದ್ದಕ್ಕೂ ಅಲಗು ಬೆಸೆದದ್ದು.
ಹೆಂಡತಿ ತಿರುಗಿಸಿ ಮುರುಗಿಸಿ ನೋಡಿ,
ಕಾಯಿ ತುರಿಯೋಕಾ? ಅಂದಳು.
ಅಲ್ಲಿ ಕೆರೆಯ ಮೇಲೆ ಮಕ್ಕಳು ಹಾರ್ತಾವೆ ಕಣೆ, ಅಂದ.
ಮಗಳು ಸಿಂಚನ ಕೇಳಿದ್ದು ಒಂದೇ:
ಇದನ್ನ ಹಾಕ್ಕೊಂಡು ಇಲ್ಲಿ ಎಲ್ಲಿಗೆ ಹೋಗೋದು?

ಸ್ಟೇಡಿಯಮ್ಮಿನಲ್ಲಿ ಗಾಲಿ ಸ್ಕೇಟಿಂಗಿನ ಕೋಚು
ಅಲಗಿಗೆ ಬೆರಳು ತಾಗಿಸಿ,
ನೆಲ ಸೀಳುತ್ತೆ ಸಾರ್, ಅಂದ.
ಮದುವೆ ಛತ್ರದ ಮಾರ್ಬಲ್ಲು ನುಣುಪಾಗಿತ್ತು,
ಮ್ಯಾನೇಜರು ಒರಟಾಗಿದ್ದ.
ಆಲೂಗಡ್ಡೆಯ ಕೋಲ್ಡ್ ಸ್ಟೋರೇಜಿನಲ್ಲಿ
ಚಳಿಯೇನೋ ಇತ್ತು, ಜಾರಲು ನೆಲವಿರಲಿಲ್ಲ;
ಮೂಟೆಗಳ ಸಂದಿಯಲ್ಲಿ ಅಪ್ಪ ಮಗಳು
ಬಾಯಿಂದ ಹೊಗೆ ಬಿಟ್ಟು ಬಿಟ್ಟು ನಕ್ಕು
ಹೊರಗೆ ಬಂದರಂತೆ.

ಕೊನೆಗೆ ನಮ್ಮಲ್ಲಿಗೆ.
ನಾನು ಐಸ್ ಫ್ಯಾಕ್ಟರಿಯ ರಾತ್ರಿ ಪಾಳಿಯವನು.
ಮೀನಿಗೆ, ಮದುವೆಯ ಜ್ಯೂಸಿಗೆ, ಹೆಣಕ್ಕೆ,
ಊರಿಗೆ ಐಸು ಬೇಕಾಗುವುದು ಇಷ್ಟಕ್ಕೇ.
ಜಾರುವುದಕ್ಕೆಂದು ಯಾರೂ ಕೇಳಿರಲಿಲ್ಲ.
ಸಾಹುಕಾರ್ ಮೊಯ್ದೀನಬ್ಬ ಗಡ್ಡ ಕೆರೆದುಕೊಂಡರು.
ದಿಮ್ಮಿ ಒಡೆದ್ರೆ?
ದುಡ್ಡು ಕೊಡ್ತೀನಿ.
ಹೇಗೂ ಒಡೆಯೋದೇ ಅಲ್ವಾ ಮಾರಾಯ, ದುಡ್ಡು ಯಾಕೆ, ಅಂದರು.

ಬೆಳಗಿನ ಜಾವ ನಾಲ್ಕು ಗಂಟೆ.
ಮಂಗಳೂರಿನ ಮೀನು ಲಾರಿ ಆಗಲೇ ಶಿರಾಡಿ ಹತ್ತಿತ್ತು.
ಉಪ್ಪುನೀರಿನ ತೊಟ್ಟಿಯಿಂದ ಎತ್ತಿ
ಕೊಕ್ಕೆ ಹಾಕಿ ಎಳೆದೆವು, ಹದಿನಾಲ್ಕು ದಿಮ್ಮಿ,
ಎರಡು ಸಾಲು, ತಲೆಗೆ ತಲೆ ಕೂಡಿಸಿ.
ಸಂದಿಗೆ ಪುಡಿ ಐಸು ತುಂಬಿ ಜವರಯ್ಯ ಅಂಗೈಯಲ್ಲಿ ಒತ್ತಿದ,
ಚೊಂಬಿನಿಂದ ನೀರು ಸುರಿದ,
ಅಂಗಳ ಸಾರಿಸುವವರ ಹಾಗೆ
ಕುಕ್ಕರಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ.
ಬಲ್ಬಿನ ಬೆಳಕು ದಿಮ್ಮಿಯೊಳಗಿಳಿದು
ಹೊಟ್ಟೆಯ ಬಿಳಿ ಎಳೆಯಲ್ಲಿ ಸಿಕ್ಕಿಕೊಂಡಿತು.

ಇಪ್ಪತ್ತು ಅಡಿ ಲಡಾಖ್.

ಬೂಟು ದೊಡ್ಡದು, ಬೆರಳ ತುದಿಗೆ ಹಳೇ ಬಟ್ಟೆ ತುರುಕಿತ್ತು.
ಮೊದಲ ಸಲ ಕೂತೇ ಹೋದಳು. ಎರಡನೆಯ ಸಲವೂ.
ಮೂರನೆಯದಕ್ಕೆ ಅಪ್ಪ ಕೈ ಬಿಟ್ಟನೋ,
ಕೈಯೇ ಜಾರಿತೋ, ಇವತ್ತಿಗೂ ಒಪ್ಪಿಕೊಂಡಿಲ್ಲ.
ಸರ್ರನೆ ಅಲ್ಲ, ಕರ್ರನೆ,
ಹಸಿ ಹಲಗೆಗೆ ಬಳಪ ಎಳೆದ ಸದ್ದು.
ನಾಲ್ಕನೆಯ ದಿಮ್ಮಿ, ಐದು, ಆರು,
ಎರಡೂ ಕೈ ಅಗಲಿಸಿ,
ಗೋಣಿಚೀಲದ ರಾಶಿಗೆ ಧೊಪ್.
ಚೀಲದೊಳಗಿನಿಂದ ಅವಳ ದನಿ:
ಇನ್ನೊಂದ್ಸಲ.

ನನ್ನ ಕಣ್ಣಲ್ಲಿ ನೀರು ಬಂದಿತ್ತು.
ಅದು ಅಮೋನಿಯಾ. ದಿನಾ ಬರುತ್ತೆ.

ಗೇಟಿನಲ್ಲಿ ಹಾರ್ನು.
ಸುತ್ತಿಗೆ ಎತ್ತಿಕೊಂಡೆವು.

ಅವತ್ತು ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ
ಬಂಗುಡೆಗಳ ಮೇಲೆ ಒಂದು ಚೂರು ಕಂಡೆ,
ಬೆನ್ನ ಮೇಲೆ ಗೆರೆ,
ಅವಳ ಅಲಗಿನದೋ ನನ್ನ ಕೊಕ್ಕೆಯದೋ.
ಕೇಳೋಣವೆಂದು ಬಗ್ಗುವಷ್ಟರಲ್ಲಿ
ಜುಲೇಖಾಬಿ ಅದನ್ನೂ ಸೇರಿಸಿ ತಕ್ಕಡಿಗೆ ಹಾಕಿದಳು,
ಗಿರಾಕಿ, ಐಸಿಗೂ ದುಡ್ಡಾ ಎಂದು ಜಗಳ ತೆಗೆದ.

ಮೊನ್ನೆ ಗೇಟಿನ ಹತ್ತಿರ ಒಬ್ಬ ಹುಡುಗ.
ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಿವಿ ಕೆಂಪಾಗಿತ್ತು.
ಅವನ ಬಳಿ ಬೂಟಿಲ್ಲ.
ಕೂತು ಜಾರೋಕೆ ಪ್ಲಾಸ್ಟಿಕ್ ಮಂಕರಿ ತಂದಿದ್ದ.
ಅಣ್ಣಾ, ಲಾರಿ ಬರೋದು ಎಷ್ಟು ಗಂಟೆಗೆ?