ಹತ್ತರ ಮೇಲೆ ಹನ್ನೆರಡು ನಿಮಿಷ

ಸಂಜೆ ಆರಕ್ಕೆ ಜನರೇಟರ್ ಹಚ್ಚುವುದು, ಹತ್ತಕ್ಕೆ ನಿಲ್ಲಿಸುವುದು
ನನ್ನ ಕೆಲಸ. ಲಿನ್‌ಕಾಯ್ ದ್ವೀಪ,
ಚಿಲಿ ದೇಶ ತೆಂಕಲಿಗೆ ಹೋಗುತ್ತ ಉದುರಿಸಿದ ಪುಡಿಗಳಲ್ಲೊಂದು.
ನಲವತ್ತೊಂದು ಮನೆ, ಒಂದು ಇಗರ್ಜಿ,
ಒಂದು ಆರೋಗ್ಯ ಠಾಣೆ, ಅಲ್ಲಿ ಎದುವೀನ.
ಡೀಸೆಲ್ಲು ದೋಣಿಯಲ್ಲಿ ಬರುತ್ತದೆ, ಲೀಟರಿನ ಲೆಕ್ಕದಲ್ಲಿ.
ಬರದ ವಾರ ಬರುವುದಿಲ್ಲ.

ಎದುವೀನಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ಚಳಿಗಾಲ.
ಗೋಡೆಯ ಕರೆಂಟಿಲ್ಲದೆ ಒಂದುಸಿರೂ ಇಲ್ಲ ಅದಕ್ಕೆ.
ಅದರೊಳಗೆ ಊರಿನ ರಕ್ತದೊತ್ತಡವೆಲ್ಲ ಇದೆ,
ಯಾರ ಬಸಿರು ಎಷ್ಟು ವಾರ, ಯಾರಿಗೆ ಯಾವ ಸೂಜಿ.
ಹಗಲಿನ ಚೀಟಿಗಳನ್ನೆಲ್ಲ ಅವಳು ರಾತ್ರಿ ಕೂತು ತುಂಬಬೇಕು.

ಒಂಬತ್ತೂ ಐವತ್ತಕ್ಕೆ ಮುಚ್ಚು ಎನ್ನುತ್ತಿದ್ದಳು.
ಮುಚ್ಚುತ್ತಿದ್ದೇನೆ ಎನ್ನುತ್ತಿತ್ತು ಅದು.
ನೀಲಿ ಪರದೆಯ ಮೇಲೆ ಚುಕ್ಕೆಗಳು, ಗಾಣದೆತ್ತಿನ ಸುತ್ತು.
ಹೊರಟೆ ಹೊರಟೆ ಎಂದು ಚಪ್ಪಲಿ ಮೆಟ್ಟಿದ ನೆಂಟ
ಹೊಸಿಲಲ್ಲಿ ನಿಂತು ಮತ್ತೊಂದು ಸುದ್ದಿ ತೆಗೆದ ಹಾಗೆ.
ಹತ್ತಾಯಿತು. ಹತ್ತೂ ಐದು.
ಗುಡ್ಡದ ಶೆಡ್ಡಿನಲ್ಲಿ ಹಿಡಿಕೆಯ ಮೇಲೆ ಕೈಯಿಟ್ಟು
ನಾನು ಅವಳ ಕಿಟಕಿ ಕಾಯುತ್ತಿದ್ದೆ.
ಟಾರ್ಚು ಎರಡು ಸಲ ಮಿಣುಕಿದರೆ ಮುಗಿಯಿತು ಎಂದರ್ಥ.
ಹತ್ತೂ ಹನ್ನೆರಡು.
ವಹಿಯಲ್ಲಿ ಬರೆಯುತ್ತಿದ್ದೆ:
ಹೆಚ್ಚುವರಿ ಹನ್ನೆರಡು ನಿಮಿಷ. ಕಾರಣ: ಠಾಣೆಯ ಲ್ಯಾಪ್‌ಟಾಪು.

ಎಲ್ಲ ಮಾಡಿದ್ದಾಗಿತ್ತು. ತೆರೆದದ್ದನ್ನೆಲ್ಲ ಮೊದಲೇ ಮುಚ್ಚಿ ನೋಡಿದಳು,
ವೈರಸ್ಸಿಗೆ ಹುಡುಕಿದಳು, ಬೇಡದ್ದನ್ನು ಅಳಿಸಿದಳು,
ಬೇಕಾದ್ದನ್ನೂ ಒಂದೆರಡು.
ಗುಂಡಿ ಒತ್ತಿ ಹಿಡಿದು ಕತ್ತು ಹಿಸುಕಿದ್ದೂ ಒಮ್ಮೆ ಉಂಟು.
ಆವತ್ತು ಉತ್ತರ ದಂಡೆಯ ಲಸಿಕೆ ಪಟ್ಟಿ ಪೂರ್ತಿ ಹೋಯಿತು;
ಮಕ್ಕಳನ್ನು ಸಾಲಾಗಿ ನಿಲ್ಲಿಸಿ
ತೋಳಿನ ಕಲೆ ನೋಡಿ ಮತ್ತೆ ಬರೆದುಕೊಂಡಳು.

ಮಾರ್ಚಿನ ದೋಣಿಯಲ್ಲಿ ಕಾಸ್ತ್ರೋದಿಂದ ಯಾಸ್ನಾ ಬಂದಳು,
ಅಲೆಯ ಹೊಯ್ದಾಟಕ್ಕೆ ಮುಖ ಹಸಿರಾಗಿತ್ತು.
ಬಿಸಿನೀರು ಕುಡಿದು ಕೂತಳು.
ಯಾವುದನ್ನೂ ಮುಟ್ಟದೆ ಮೊದಲು ಅದರ ದಿನಚರಿ ಓದಿದಳು.
ಯಂತ್ರಗಳೂ ಡೈರಿ ಬರೆಯುತ್ತವಂತೆ, ಸೆಕೆಂಡು ಸೆಕೆಂಡಿನದು.
ತಲೆಯೆತ್ತದೆ ಕೇಳಿದಳು:
ಇಲ್ಲೊಂದು ಪ್ರಿಂಟರ್ ಇತ್ತಲ್ಲ, ಎಲ್ಲಿ?

ಎದುವೀನ ನನ್ನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟಳು.
ಪ್ರಿಂಟರ್ ಕಡಲ ತಳದಲ್ಲಿದೆ.
ನಾಲ್ಕು ವರ್ಷದ ಹಿಂದೆ ರಿಪೇರಿಗೆ ಕಳಿಸುವಾಗ
ಕಟ್ಟೆಯಿಂದ ದೋಣಿಗೆ ಇಳಿಸುವ ಹಗ್ಗ
ನನ್ನ ಕೈಯಲ್ಲಿತ್ತು.

ಒಂದು ಪುಟ ಬಾಕಿಯಿದೆ, ಅಂದಳು ಯಾಸ್ನಾ.
ಅಚ್ಚಾಗದೆ ಉಳಿದದ್ದು. ಮಲಗುವ ಮುಂಚೆ ಇದು ದಿನಾ
ಪ್ರಿಂಟರನ್ನು ಕರೆಯುತ್ತದೆ, ಇದ್ದೀಯಾ ಎಂದು.
ಉತ್ತರವಿಲ್ಲ. ಕಾಯುತ್ತದೆ. ಮತ್ತೆ ಕರೆಯುತ್ತದೆ.
ತೆರೆದು ನೋಡಿದೆವು:
ಸೋಮವಾರ ಠಾಣೆಗೆ ರಜೆ.
ಅಷ್ಟೆ.
ಪುಟ ಅಳಿಸಿದಳು. ಪ್ರಿಂಟರಿನ ಹೆಸರನ್ನೂ ತೆಗೆದಳು.

ಆ ರಾತ್ರಿ ಲ್ಯಾಪ್‌ಟಾಪು ಒಂಬತ್ತು ಸೆಕೆಂಡಿನಲ್ಲಿ ಕಣ್ಣು ಮುಚ್ಚಿತು.
ಸರಿಯಾಗಿ ಹತ್ತಕ್ಕೆ ನಾನು ಹಿಡಿಕೆ ಎಳೆದೆ.

ಕತ್ತಲಲ್ಲಿ ಮೊದಲು ಕೇಳಿದ್ದು ಬಾರ್ರೀಯಾ ಮುದುಕನ ಬೈಗುಳ.
ಹಲ್ಲಿನ ಸೆಟ್ಟು ತೊಳೆಯುವುದು ಅವನು ಹತ್ತರ ಮೇಲೆಯೇ ಅಂತೆ.
ಓತಿಲಿಯಾಳ ಹೆಣಿಗೆ ತೋಳಿನ ನಡುವೆ ನಿಂತಿತು.
ಯಾರದೋ ಹಿಟ್ಟಿನ ಕೈ ಕಡ್ಡಿಪೆಟ್ಟಿಗೆಗೆ ತಡಕಾಡಿತು.
ಕೊನೆಯ ಎಲೆ ಕಾಣದೆ ಇಸ್ಪೀಟು ಜಗಳಕ್ಕೆ ತಿರುಗಿತು.
ಊರೇ ತನ್ನ ದಿನವನ್ನು
ಹತ್ತೂ ಹನ್ನೆರಡರ ಅಳತೆಗೆ ಹೊಲಿಸಿಕೊಂಡಿತ್ತು,
ನನಗೆ ಗೊತ್ತಿರಲಿಲ್ಲ.

ಮರುದಿನ ಯಾರೂ ಏನೂ ಹೇಳಲಿಲ್ಲ.
ಓತಿಲಿಯಾ ಒಂದು ಬುಟ್ಟಿ ಆಲೂಗೆಡ್ಡೆ ತಂದಿಟ್ಟಳು,
ಸುಮ್ಮನೆ ಅಂದಳು.

ಈಗ ಟಾರ್ಚು ಬೇಗನೆ ಮಿಣುಕುತ್ತದೆ.
ಹಿಡಿಕೆಯ ಮೇಲೆ ಕೈಯಿಟ್ಟು ನಾನು ಕೂತೇ ಇರುತ್ತೇನೆ.
ಕೆಳಗೆ ನೀರು ಕಟ್ಟೆಗೆ ಬಡಿಯುತ್ತದೆ.
ತಳದಲ್ಲಿರುವುದನ್ನು ಈಗ ಯಾರೂ ಕರೆಯುವುದಿಲ್ಲ.
ವಹಿಯಲ್ಲಿ ಬರೆಯುತ್ತೇನೆ:
ಹೆಚ್ಚುವರಿ ಹನ್ನೆರಡು ನಿಮಿಷ. ಕಾರಣ: ಠಾಣೆಯ ಲ್ಯಾಪ್‌ಟಾಪು.
ತಿಂಗಳ ಕೊನೆಗೆ ಎದುವೀನ ಅದಕ್ಕೆ ರುಜು ಹಾಕುತ್ತಾಳೆ,
ಕಾಗುಣಿತದ ತಪ್ಪೊಂದನ್ನು ತಿದ್ದಿ.