ಮಣಿಕಟ್ಟಿನ ಮೇಲೆ

ಬ್ಯೆಬ್ಜಾ ಜವುಗಿನಲ್ಲಿ, ಹಲಗೆದಾರಿ ಮುಗಿಯುವಲ್ಲಿ
ಗಮ್‌ಬೂಟು ಮೆಟ್ಟಿ ನಿಂತಿದ್ದೆವು, ಹಾಲ್ಷ್ಕಾ ಮತ್ತು ನಾನು.
ಮೇ ತಿಂಗಳು; ಒಂಬತ್ತಾದರೂ ಬೆಳಕು ಹೋಗಲೊಲ್ಲದು.
ಸೊಳ್ಳೆಗಳಿಗೆ ನಾವೇ ಅಪರೂಪದ ಪ್ರಾಣಿಗಳು.

ನಲವತ್ತು ವರ್ಷ ನನಗೆ ಅವಳೇ ಕಿವಿ.
“ಅಗೋ, ಎಡಕ್ಕೆ, ಮೂರನೇ ಹುಲ್ಲುಗುಂಪಿನ ಹಿಂದೆ” ಅಂದರೆ
ನಾನು ದುರ್ಬೀನು ಏರಿಸುವಷ್ಟರಲ್ಲಿ
ಅವಳ ಪುಸ್ತಕದಲ್ಲಿ ಗುರುತು ಬಿದ್ದಿರುತ್ತಿತ್ತು.

ಹಾಡತೊಡಗಿತು: ಡಬ್ಬಿಯಲ್ಲಿ ಒಣ ಬಟಾಣಿ ಕುಲುಕಿದಂತೆ,
ಆಮೇಲೆ ಎರಡು ಸಣ್ಣ ಸಿಳ್ಳೆ.
ಬೆರಳೆಣಿಕೆಯ ಜವುಗುಗಳಲ್ಲಷ್ಟೇ ಉಳಿದ ಹಕ್ಕಿ,
ಗುಬ್ಬಿಗಿಂತ ಹಗುರ, ನೆತ್ತಿಯ ನಡುವೆ ಹಳದಿ ಬೈತಲೆ.

ಹಾಲ್ಷ್ಕಾ ನನ್ನ ಮುಖ ನೋಡಿದಳು.
“ಇವತ್ತು ಇನ್ನೂ ಶುರುವಾಗಿಲ್ಲ, ಅಲ್ವಾ?”

ಹೂಂ ಅನ್ನಬಹುದಿತ್ತು.
ಚಳಿ ಏರುತ್ತಿದೆ, ಹೊರಡೋಣ ಅನ್ನಬಹುದಿತ್ತು.
ತೋಳು ಸರಿಸಿ ಅವಳ ಮಣಿಕಟ್ಟಿನ ಮೇಲೆ ತಟ್ಟಿದೆ:
ನಾಲ್ಕು ಬೆರಳಲ್ಲಿ ಬಟಾಣಿ,
ಸಿಳ್ಳೆಗೆ ಎರಡು ಉಗುರುಗೀರು.

ಕಣ್ಣು ಮುಚ್ಚಿದಳು. ಬಹಳ ಹೊತ್ತು ಏನೂ ಅನ್ನಲಿಲ್ಲ.
“ತಪ್ಪು,” ಅಂದಳು, “ಎರಡನೇ ಸಿಳ್ಳೆ ಉದ್ದ ಇರುತ್ತೆ.”
ಇತ್ತು.
ಮತ್ತೆ ತಟ್ಟಿದೆ, ಉದ್ದ ಎಳೆದು.

ಪುಸ್ತಕ ತೆಗೆದಳು. ‘ನೋಡಿದ್ದು’, ‘ಕೇಳಿದ್ದು’
ಎರಡೂ ಖಾನೆ ಖಾಲಿ ಬಿಟ್ಟು
ಅಂಚಿನಲ್ಲಿ ಏನೋ ಗೀಚಿದಳು.
ನಾನು ಇಣುಕಲಿಲ್ಲ. ಬೆರಳು ಅವಳ ಎಡಗೈ ಮೇಲೇ ಇತ್ತು,
ಹಕ್ಕಿ ಇನ್ನೂ ನಿಲ್ಲಿಸಿರಲಿಲ್ಲ.